ಕಾಕಾ ಕೇಳಿದ ಎರಡು ತಾಸು

ಹೋದ ವಾರ ಮಗಳ ಜೊತೆ ಹ್ಯಾರೋದ ಒಂದು ನೇಲ್ ಬಾರಿಗೆ ಹೋಗಿದ್ದೆ. ಅವಳ ಗೆಳತಿಯ ಮದುವೆಯಂತೆ, ಉಗುರಿಗೆ ಅಕ್ರಿಲಿಕ್ ಹಾಕಿಸಿಕೊಳ್ಳಬೇಕಂತೆ. ಬಾಗಿಲು ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಪುಡಿಗೆ ದ್ರವ ಕಲಸಿದಾಗ ಏಳುವ, ಗಂಟಲಿನ ಹಿಂಬದಿಯಲ್ಲಿ ಕೂತುಬಿಡುವ ಘಾಟು. ಮಗಳು ಮೂಗು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಗೊಣಗಿದಳು. ನಾನು ಮಾತ್ರ ಉಸಿರೆಳೆದುಕೊಂಡು ಬಾಗಿಲಲ್ಲೇ ನಿಂತೆ. ಉಗುರು ಮಾಡುವ ಸಾಮಾನೂ, ಕಟ್ಟುಹಲ್ಲಿಗೆ ಗುಲಾಬಿ ಒಸಡು ಮಾಡುವ ಸಾಮಾನೂ ಹೆಚ್ಚುಕಡಿಮೆ ಒಂದೇ ಎಂಬುದು ಆ ಅಂಗಡಿಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದಿರಬೇಕು. ಆರು ವರ್ಷ ಆ ಘಾಟಿನಲ್ಲೇ ಕೂತು ಕೆಲಸ ಕಲಿತವಳು ನಾನು. ಕಲಿಸಿದವರು ಕಾಕಾ...

ಕಾಕಾ ನನ್ನ ಬಂಧುವೇನೂ ಅಲ್ಲ. ವಿಜಯಪುರದ ಕಡೆಯವರು. ವೆಂಬ್ಲಿಯಲ್ಲಿ ಸೀರೆ ಅಂಗಡಿಯೊಂದರ ಮಹಡಿ ಮೇಲೆ ಹಲ್ಲಿನ ಸೆಟ್ ಮಾಡುವ ಲ್ಯಾಬ್ ಇಟ್ಟುಕೊಂಡಿದ್ದರು. ನಮ್ಮ ಕನ್ನಡದವರಿಗೂ ಅವರು ಕಾಕಾ, ಕೆಳಗಿನ ಅಂಗಡಿಯ ಗುಜರಾತಿಗಳಿಗೂ ಕಾಕಾ. ಆಸ್ಪತ್ರೆ ಡಾಕ್ಟರ ಹೆಂಡತಿಯಾಗಿ ಮೈಸೂರಿನಿಂದ ಇಂಗ್ಲಿಷರ ಈ ದೇಶಕ್ಕೆ ಬಂದು, ಮನೆಯಲ್ಲಿ ಕೂತು ತಲೆಕೆಟ್ಟು, ಏನಾದರೂ ಕೈಕೆಲಸ ಕಲಿಯುತ್ತೇನೆ ಎಂದು ಹೊರಟ ನನ್ನನ್ನು ಅವರು ಸೇರಿಸಿಕೊಂಡರು. ವಾರಕ್ಕೆರಡು ದಿನ ಕಾಲೇಜು, ಉಳಿದ ದಿನ ಅವರ ಲ್ಯಾಬು.

ದಂತವೈದ್ಯರು ಅಳತೆ ತೆಗೆದು ಕಳಿಸುತ್ತಿದ್ದರು, ಕಾಕಾ ಸೆಟ್ ಕಟ್ಟಿ ಕೊಡುತ್ತಿದ್ದರು. ಕಟ್ಟುವುದರಲ್ಲಿ ಅವರಿಗೆ ಸಮನಾದವರನ್ನು ನಾನು ಇಂದಿಗೂ ಕಂಡಿಲ್ಲ. ಅಜ್ಜಿಯೊಬ್ಬರ ಸೆಟ್ ಮಾಡಬೇಕಾದರೆ ಅವರ ಹಳೆಯ ಫೋಟೋ ತರಿಸಿಕೊಳ್ಳುತ್ತಿದ್ದರು. ಮುಂದಿನ ಹಲ್ಲೊಂದನ್ನು ಬೇಕೆಂದೇ ಚೂರು ವಾರೆಯಾಗಿ ಕೂರಿಸಿ, ಇನ್ನೊಂದರ ಅಂಚನ್ನು ಸವೆಸಿ, ಇಪ್ಪತ್ತು ವರ್ಷದ ಹಿಂದಿನ ನಗುವನ್ನು ಹಾಗೇ ತಂದಿಡುತ್ತಿದ್ದರು. ಮನೆಮಂದಿ ನೋಡಿ ಅತ್ತದ್ದನ್ನು ನಾನೇ ಕಂಡಿದ್ದೇನೆ.

ಆದರೆ ನನ್ನನ್ನು ಅಳಿಸಿದ್ದು ಅದಕ್ಕಿಂತ ಜಾಸ್ತಿ. ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಮೇಣದಲ್ಲಿ ಹದಿನಾಲ್ಕು ಹಲ್ಲು ಕೂರಿಸಿ ತೋರಿಸಿದರೆ, ಒಂದು ಮಾತಿಲ್ಲದೆ ಗ್ಯಾಸಿನ ಉರಿಗೆ ಹಿಡಿಯುತ್ತಿದ್ದರು. ಮೇಣ ಕರಗಿ ಹಲ್ಲುಗಳು ಟಪಟಪ ಮೇಜಿನ ಮೇಲೆ ಉದುರುತ್ತಿದ್ದವು. ಒಮ್ಮೆ ದಂತವೈದ್ಯರೊಬ್ಬರು ಎದುರಿಗೇ ನಿಂತಿದ್ದರು. ಅವರ ಮುಂದೆಯೇ ನನ್ನ ಸೆಟ್ಟನ್ನು ಉರಿಗೆ ಹಿಡಿದು ಕಾಕಾ ಹೇಳಿದರು: "ಇವು ಹಲ್ಲಲ್ಲ ತಂಗಿ, ಜ್ವಾಳದ ಕಾಳ ಸಾಲಾಗಿ ಇಟ್ಟಂಗ ಅದಾವ. ದೇವರು ಯಾರ ಬಾಯಾಗೂ ಹಿಂಗ ಪಟ್ಟಿ ಹಿಡದು ಜೋಡಸಂಗಿಲ್ಲ." ನನ್ನ ಕಣ್ಣು ತುಂಬಿದ್ದನ್ನು ನೋಡಿ ಇನ್ನೊಂದು ಸೇರಿಸಿದರು: "ಅಳೂದಿದ್ರ ಹೊರಗ ಹೋಗಿ ಅಳು. ಮ್ಯಾಣಕ್ಕ ನೀರ ಬೀಳಬಾರದು."

ದಂತವೈದ್ಯರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಆ ದನಿಗೆ ಅರ್ಥ ಬೇಕಿರಲಿಲ್ಲ. ಅವರು ಮುಸಿಮುಸಿ ನಕ್ಕರು. ಆ ನಗುವನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಈ ದೇಶದಲ್ಲಿ ಹಲ್ಲು ಕಟ್ಟುವವರು ಸುಮ್ಮನೆ ಕಟ್ಟುವಂತಿಲ್ಲ. ರಿಜಿಸ್ಟರಿನಲ್ಲಿ ಹೆಸರಿರಬೇಕು. ಹೆಸರು ಉಳಿಯಬೇಕಾದರೆ ಐದೈದು ವರ್ಷಕ್ಕೆ ಇಷ್ಟು ಗಂಟೆ ಎಂದು ಪಾಠ ಕೇಳಿ, ಕೇಳಿದ್ದಕ್ಕೆ ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು. ಮೂವತ್ತು ವರ್ಷ ಕಟ್ಟಿದವರಾದರೂ ಅಷ್ಟೆ, ನಿನ್ನೆ ಬಂದವರಾದರೂ ಅಷ್ಟೆ. ಕಾಕಾರಿಗೆ ಇದೊಂದು ತಲೆನೋವು. ಆನ್‌ಲೈನ್ ಪಾಠಗಳಿದ್ದವು, ಆದರೆ ಅವರು ಕಂಪ್ಯೂಟರಿನ ಹತ್ತಿರ ಸುಳಿದವರಲ್ಲ. ನಾನು ಲ್ಯಾಬಿನಲ್ಲಿ ಇರುವವರೆಗೆ ಪಕ್ಕದಲ್ಲಿ ಕೂತು ಲಾಗಿನ್ ಮಾಡಿ ಪಾಠ ಓದಿ ಹೇಳುತ್ತಿದ್ದೆ. ಅವರು ಉತ್ತರ ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಒಂದೂ ತಪ್ಪಿದ್ದಿಲ್ಲ.

ಆಮೇಲೆ ನಾನು ಇನ್ನೂ ಒಂದು ಮೆಟ್ಟಿಲು ಓದಿದೆ. ಕಾಕಾರ ನೋಂದಣಿ ಲ್ಯಾಬಿನ ಮೇಜಿಗಷ್ಟೇ ಸೀಮಿತ. ನನ್ನ ಹೊಸ ನೋಂದಣಿಯಲ್ಲಿ, ಹಲ್ಲೇ ಇಲ್ಲದವರಿಗೆ ನಾನೇ ನೇರವಾಗಿ ಬಾಯಿಯ ಅಳತೆ ತೆಗೆದು ಸೆಟ್ ಕೂರಿಸಬಹುದು. ಗುರುವಿಗೆ ಇಲ್ಲದ ಅಧಿಕಾರ ಶಿಷ್ಯೆಗೆ ಬಂತು. ಲ್ಯಾಬ್ ಬಿಟ್ಟು ಹ್ಯಾರೋದಲ್ಲಿ ಸ್ವಂತ ಕ್ಲಿನಿಕ್ ತೆರೆದೆ. ಮಾತು ಚೆನ್ನಾಗಿ ಬರುತ್ತದೆಂದು, ಬೇರೆ ತಂತ್ರಜ್ಞರಿಗೆ ಗಂಟೆ ಲೆಕ್ಕದ ಪಾಠ ಮಾಡಲೂ ಶುರುಮಾಡಿದೆ. ಪಾಠ ಕೇಳಿದವರಿಗೆ ಸರ್ಟಿಫಿಕೇಟ್ ಕೊಡುವ ಸಹಿ ಈಗ ನನ್ನದು.

ಆ ವರ್ಷ ನಮ್ಮಮ್ಮ ನನ್ನ ಜೊತೆಯೇ ಇದ್ದರು. ಅವರ ಮೊದಲ ಸೆಟ್ ಮಾಡಿದ್ದು ಕಾಕಾ. ಅದು ಸವೆದಿದೆ ಎಂದು ನಾನೇ ಹಟಹಿಡಿದು ಹೊಸದು ಮಾಡಿ ಹಾಕಿದೆ. ಅಮ್ಮ ಎರಡು ದಿನ ಏನೂ ಅನ್ನಲಿಲ್ಲ. ಮೂರನೆಯ ದಿನ ಅನ್ನವನ್ನು ಮೊಸರಲ್ಲಿ ಕಿವುಚಿ ನುಂಗುವುದನ್ನು ಕಂಡೆ. ಹೊಸದಲ್ಲವಾ, ಅಭ್ಯಾಸವಾಗುತ್ತೆ ಎಂದೆ.

ಜುಲೈ ತಿಂಗಳ ಕೊನೆಯ ದಿನ, ಶನಿವಾರ. ಕೊಲಿಂಡೇಲಿನ ಹೊಸ ಕಟ್ಟಡವೊಂದರ ಕೆಳಗಿನ ಹಾಲಿನಲ್ಲಿ ನನ್ನದು ಆರು ಗಂಟೆಯ ಪಾಠ. ಐದು ವರ್ಷದ ಲೆಕ್ಕ ಮುಗಿಯುವುದು ಅವತ್ತೇ ಆದ್ದರಿಂದ, ಕಡೇ ಗಳಿಗೆಯವರೆಲ್ಲ ಬಂದು ಹಾಲ್ ತುಂಬಿತ್ತು. ಹಿಂದಿನ ಸಾಲಿನಲ್ಲಿ ಕಾಕಾ ಕೂತಿದ್ದರು. ಬಾಗಿಲಲ್ಲೇ ಹೇಳಿದ್ದರು, ತಮಗೆ ಸರಿಯಾಗಿ ಆರು ಗಂಟೆ ಕಡಿಮೆ ಇದೆ, ಇವತ್ತು ಇದೊಂದು ಆಗಿಬಿಟ್ಟರೆ ಪಾರು ಎಂದು. ಆಗಲಿ ಕೂತ್ಕೊಳಿ ಕಾಕಾ ಎಂದಿದ್ದೆ.

ಬೆಳಗಿನ ಪಾಠ, ಮುಂದಿನ ಹಲ್ಲುಗಳನ್ನು ಸಹಜವಾಗಿ ಕಾಣುವಂತೆ ಜೋಡಿಸುವ ಬಗೆ. ಹಳೆಯ ಫೋಟೋ ತರಿಸಿಕೊಳ್ಳಿ, ಒಂದು ಹಲ್ಲನ್ನು ಚೂರು ತಿರುಗಿಸಿ, ಅಂಚು ಸವೆಸಿ ಎಂದೆಲ್ಲ ಹೇಳಿದೆ. ತೆರೆಯ ಮೇಲೆ ತೋರಿಸಿದ ಚಿತ್ರಗಳೂ ಕಾಕಾರ ಲ್ಯಾಬಿನಲ್ಲಿ ತೆಗೆದವೇ. ಅವರ ಹೆಸರನ್ನು ಮಾತ್ರ ನಾನು ಎತ್ತಲಿಲ್ಲ. ನನ್ನ ಸ್ವಂತ ವಿಧಾನ ಎಂದೇ ಹೇಳಿದೆ. ಕಾಕಾ ತಲೆ ತಗ್ಗಿಸಿ, ಎಲ್ಲರಂತೆ, ಕೊಟ್ಟ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದರು. ತಾವೇ ಕಲಿಸಿದ್ದನ್ನು ನನ್ನಿಂದ ಕಲಿಯುತ್ತಿದ್ದರು... ನನಗೆ ಒಳಗೊಳಗೇ ಎಂಥ ಖುಷಿಯಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಊಟದ ಹೊತ್ತಿಗೆ ಫೋನಿನಲ್ಲಿ ಅಮ್ಮನ ಮೂರು ಮಿಸ್ಡ್ ಕಾಲ್ ಇದ್ದವು. ಸಂಜೆ ಮಾತಾಡಿದರಾಯಿತು ಎಂದು ಬಿಟ್ಟೆ. ಮಧ್ಯಾಹ್ನದ ಪಾಠಕ್ಕೆ ನೋಡಿದರೆ ಕಾಕಾರ ಕುರ್ಚಿ ಖಾಲಿ. ಎರಡು ಗಂಟೆ ಕಳೆದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದು ಕೂತರು.

ಪಾಠ ಮುಗಿದು ಎಲ್ಲರೂ ಸರ್ಟಿಫಿಕೇಟಿಗೆ ಸಾಲುಗಟ್ಟಿದರು. ಕಾಕಾರ ಸರದಿ ಬಂದಾಗ ನಾನು ನಾಲ್ಕು ಗಂಟೆ ಎಂದು ಬರೆದೆ. ಅವರು ಮೇಜಿನ ಮೇಲೆ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದರು.

"ಎರಡ ತಾಸಿನ ಮಾತು, ತಂಗಿ. ನಿಮ್ಮವ್ವಾರು ಫೋನ್ ಹಚ್ಚಿದ್ರು. ಸೆಟ್ಟು ತಾಗಿ ವಸಡಿ ಕೆತ್ತಿ ರಕ್ತ ಬರಾಕತ್ತಿತ್ತಂತ. ನಿನಗ ಹಚ್ಚಿದ್ರ ನೀ ಎತ್ತಲಿಲ್ಲಂತ. ಹೋಗಿ ನೋಡಿದ್ನಿ, ಬಲಗಡೆ ಸ್ವಲ್ಪ ಎತ್ತರ ಇತ್ತು, ಉಜ್ಜಿ ತಗದೀನಿ. ಈಗ ರೊಟ್ಟಿ ಬೇಕಾದ್ರೂ ತಿಂತಾರ."

ಬಲಗಡೆ ಸ್ವಲ್ಪ ಎತ್ತರ ಇತ್ತು. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಈಗ ನನಗೆ ಅನುಮಾನವಿಲ್ಲ. ಆದರೆ ನನ್ನ ಕಿವಿಗೆ ಬಿದ್ದದ್ದು ಮೇಜಿನ ಮೇಲೆ ಹಲ್ಲು ಉದುರುವ ಸದ್ದು. ನನ್ನ ಕೆಲಸವನ್ನು, ನನ್ನ ಹೆತ್ತ ತಾಯಿಯ ಬಾಯಲ್ಲೇ, ಮತ್ತೆ ತಿದ್ದಿ ಬಂದಿದ್ದರು. ಅಮ್ಮನೂ ನನ್ನನ್ನು ಬಿಟ್ಟು ಅವರನ್ನೇ ಕರೆದಿದ್ದರು.

ಕನ್ನಡದಲ್ಲಿ ಪಿಸುಗುಟ್ಟಿದವರಿಗೆ ನಾನು ಇಂಗ್ಲಿಷಿನಲ್ಲಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಉತ್ತರ ಕೊಟ್ಟೆ. ಕಣ್ಣಾರೆ ಕಂಡ ಗಂಟೆಗಳಿಗೆ ಮಾತ್ರ ನನ್ನ ಸಹಿ, ಇಲ್ಲಿ ಹಿರಿಯರು ಕಿರಿಯರು ಎಂಬ ಭೇದವಿಲ್ಲ ಎಂದೆ. ಯಾರೋ ನಕ್ಕರು. ಕಾಕಾ ಕದಲಲಿಲ್ಲ. ಆಗ ನಾನೂ ದನಿ ತಗ್ಗಿಸಿದೆ.

"ಆಚೆ ಹೋಗಿ ಏನ್ ಮಾಡಿ ಬಂದ್ರಿ ಅಂತ ಬರೀಲಾ ಕಾಕಾ? ಬಾಯಿಗೆ ಕೈ ಹಾಕೋ ಲೈಸೆನ್ಸ್ ನಿಮಗಿಲ್ಲ. ಬರೆದ್ರೆ ಇನ್ನೂ ದೊಡ್ಡದಾಗುತ್ತೆ."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಗಂಟೆಯ ಸರ್ಟಿಫಿಕೇಟನ್ನು ಮಡಿಸಿ ಜೇಬಿಗಿಟ್ಟುಕೊಂಡು ನಡೆದುಬಿಟ್ಟರು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆದರೆ ಇನ್ನೂ ಸಂಜೆ ಐದು ಗಂಟೆ, ಲೆಕ್ಕ ಮುಗಿಯಲು ಅರ್ಧರಾತ್ರಿಯವರೆಗೆ ಸಮಯವಿತ್ತು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದು, ಅಮ್ಮ ಕಾಫಿ ಕೊಡುವಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು, ಮೊದಲಿನ ಹಾಗೆ ಪಕ್ಕದಲ್ಲಿ ಕೂತಿದ್ದರೆ ಆ ಎರಡು ಗಂಟೆ ನ್ಯಾಯವಾಗಿಯೇ ಸಿಗುತ್ತಿತ್ತು. ಇದು ನನಗೆ ಆಮೇಲೆ ಹೊಳೆದದ್ದಲ್ಲ. ಅವರ ಬೆನ್ನು ಬಾಗಿಲು ದಾಟುವಾಗಲೇ ಹೊಳೆದಿತ್ತು. ನಾನು ಮುಂದಿನವರ ಹೆಸರು ಕೂಗಿದೆ.

ನೋಂದಣಿ ಸಂಸ್ಥೆಯಿಂದ ಕಾಕಾರಿಗೆ ನೋಟೀಸು ಹೋಯಿತಂತೆ. ಕಾರಣವಿದ್ದರೆ ತಿಳಿಸಿ ಎಂದು ಕೇಳಿದ್ದರಂತೆ. ಕಾರಣ ಬರೆಯಬೇಕೆಂದರೆ ನಮ್ಮಮ್ಮನ ಒಸಡಿನ ವಿಷಯ ಬರೆಯಬೇಕು. ಅವರು ಏನೂ ಬರೆಯಲಿಲ್ಲ. ಹೆಸರು ತೆಗೆದುಹಾಕಿದರು. ಹೆಸರಿಲ್ಲದವರ ಹತ್ತಿರ ದಂತವೈದ್ಯರು ಕೆಲಸ ಕೊಡುವಂತಿಲ್ಲ, ಕೊಡಲಿಲ್ಲ. ಮತ್ತೆ ಅರ್ಜಿ ಹಾಕುವ ದಾರಿಯಿತ್ತು, ಹಾಕಲಿಲ್ಲ. ಸೀರೆ ಅಂಗಡಿಯವರು ಮಹಡಿಯನ್ನು ಗೋದಾಮು ಮಾಡಿಕೊಂಡರು.

"ಯಾಕೇ, ಅವರು ಈಚೀಚೆಗೆ ಈ ಕಡೆ ಬರೋದೇ ಇಲ್ವಲ್ಲ? ಅವತ್ತು ನಾನು ಕರೆದದ್ದರಿಂದ ಏನಾದರೂ ತೊಂದರೆ ಆಯ್ತಾ?" ಎಂದು ಅಮ್ಮ ಕೇಳಿದರು. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗಿಯೂ ನೋಡದೆ, "ಏನಿಲ್ಲಮ್ಮ, ಕೈ ನಡುಗುತ್ತಂತೆ, ಕೆಲಸ ಬಿಟ್ಟರಂತೆ" ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಅಮ್ಮ ಪಾಪ ಎಂದು ಲೊಚಗುಟ್ಟಿ, ಫೋನಿನಲ್ಲಿ ನಾಲ್ಕು ಜನರಿಗೆ ಹೇಳಿದರು. ನಾಲ್ಕು ಜನ ನಲವತ್ತು ಜನರಿಗೆ ಹೇಳಿದರು.

ಅದೇ ನವೆಂಬರಿನಲ್ಲಿ, ಒಂದು ಶಾಲೆಯ ಹಾಲಿನಲ್ಲಿ ರಾಜ್ಯೋತ್ಸವ. ಕಾಕಾ ಬಂದಿದ್ದರು. ಚಹಾದ ಮೇಜಿನ ಹತ್ತಿರ, ಅಂಚಿನವರೆಗೆ ತುಂಬಿದ ಕಾಗದದ ಲೋಟ ಹಿಡಿದು ನಿಂತಿದ್ದರು. ಧಾರವಾಡದ ಡಾಕ್ಟರೊಬ್ಬರು ಕಳಕಳಿಯಿಂದಲೇ ಕೇಳಿದರು: "ಕೈ ನಡಗತಾವಂತಲ್ರೀ ಕಾಕಾ? ಜಿಪಿ ಡಾಕ್ಟರಿಗೆ ತೋರ್ಸೀರೇನು?"

ನಾನೂ ಅಮ್ಮನೂ ಎರಡು ಹೆಜ್ಜೆ ದೂರದಲ್ಲಿದ್ದೆವು. ಕಾಕಾ ಮೊದಲು ಅಮ್ಮನನ್ನು ನೋಡಿದರು. ಅಮ್ಮ ಮರುಕದಿಂದ ತಲೆಯಾಡಿಸುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಮಾತು ಎಲ್ಲಿಂದ ಹೊರಟಿತ್ತೆಂದು ಆ ಕ್ಷಣಕ್ಕೆ ಅವರಿಗೆ ತಿಳಿದುಹೋಯಿತು.

"ಹೂಂನ್ರಿ, ನಡಗತಾವ. ವಯಸ್ಸಾತಲ್ರಿ," ಎಂದರು.

ಲೋಟದಲ್ಲಿ ಚಹಾ ಅಲುಗಾಡಲಿಲ್ಲ. ಒಂದು ಹನಿ ಚೆಲ್ಲಲಿಲ್ಲ. ಡಾಕ್ಟರು ಅದನ್ನು ನೋಡಲಿಲ್ಲ, ಅಮ್ಮ ನೋಡಲಿಲ್ಲ, ನಾನು ನೋಡಿದೆ. ಅಮ್ಮನ ಮಾತು ಸುಳ್ಳಾಗಬಾರದೆಂದೋ, ನನ್ನ ಮಾನ ಉಳಿಯಲೆಂದೋ, ಅಥವಾ ಇನ್ನು ಏನು ಹೇಳಿ ಏನು ಎಂದೋ... ಗೊತ್ತಿಲ್ಲ. ನನಗೆ ಆಗ ಪಶ್ಚಾತ್ತಾಪ ಬಂತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಬಂದದ್ದು ಸಿಟ್ಟು. ಇಲ್ಲಿಯೂ ಗೆದ್ದುಬಿಟ್ಟರಲ್ಲ ಎಂದು ಉರಿದುಹೋದೆ.

ಮತ್ತೆ ನಾನು ಅವರನ್ನು ನೋಡಲಿಲ್ಲ. ಒಂದು ಮುಂಜಾನೆ ವಾಟ್ಸಾಪ್ ಗುಂಪಿನಲ್ಲಿ ಅವರು ಹೋದ ಸುದ್ದಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು, ನಾನೂ ಹಾಕಿದೆ. ಕೊನೆಗಾಲದಲ್ಲಿ ಕೈ ನಡುಕ ಪಾಪ ಎಂದು ಯಾರೋ ಬರೆದರು. ಅಲ್ಲ, ನಡುಕವಿರಲಿಲ್ಲ ಎಂದು ಬರೆಯಲು ಹೋಗಿ, ಅಳಿಸಿ, ಫೋನ್ ಕೆಳಗಿಟ್ಟೆ. ಅಮ್ಮ ಅದಾಗಲೇ ತೀರಿಕೊಂಡಿದ್ದರು. ನಿಜ ಹೇಳಿಕೊಳ್ಳಲು ಇದ್ದವರಿಬ್ಬರೂ ಹೀಗೆ ಹೋಗಿಬಿಟ್ಟರು.

ಪಾಠ ಮಾತ್ರ ಇಂದಿಗೂ ಮಾಡುತ್ತೇನೆ. ನಿಯಮದಲ್ಲಿ ಕೂದಲೆಳೆಯಷ್ಟೂ ಬಿಡದವಳು ಎಂದು ನನಗೆ ಹೆಸರಿದೆ. ಹೋದ ತಿಂಗಳು ಒಬ್ಬ ಚಿಕ್ಕ ಹುಡುಗಿ, ತಂತ್ರಜ್ಞೆ, ಅರ್ಧ ಗಂಟೆ ತಡವಾಗಿ ಬಂದಳು. ಟ್ಯೂಬ್ ರೈಲು ಸುರಂಗದಲ್ಲಿ ನಿಂತುಬಿಟ್ಟಿತ್ತಂತೆ. ಪಾಠ ಮುಗಿದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, ಆ ಅರ್ಧ ಗಂಟೆ ಸೇರಿಸಿ ಬರೆದುಕೊಡಿ ಎಂದು ಬೇಡಿಕೊಂಡಳು. ಪೆನ್ನು ಕೈಯಲ್ಲೇ ಇತ್ತು. ಬರೆದುಕೊಟ್ಟಿದ್ದರೆ ಲೋಕವೇನೂ ಮುಳುಗುತ್ತಿರಲಿಲ್ಲ. ಆದರೆ ಅವಳಿಗೆ ಕೊಟ್ಟರೆ, ಅಂದು ಕಾಕಾರಿಗೂ ಕೊಡಬಹುದಿತ್ತು ಎಂದಾಗಿಬಿಡುತ್ತದೆ. ಅರ್ಧ ಗಂಟೆ ಕಳೆದೇ ಬರೆದು ಸಹಿ ಹಾಕಿದೆ. ಹನ್ನೊಂದು ವರ್ಷದಿಂದ ಯಾರಿಗೂ ಕೊಟ್ಟಿಲ್ಲ.