ಪೈಪು ಹಾಕಿ ಬಿಗಿದ ಬೋಲ್ಟು

ಕಳೆದ ವರ್ಷದ ಮಳೆಗಾಲ. ಮೀನುಗಾರಿಕೆಗೆ ಎರಡು ತಿಂಗಳ ನಿಷೇಧ. ಹೊನ್ನಾವರದಲ್ಲಿ ನಮ್ಮ ಬೋಟು ದಡ ಸೇರಿತ್ತು. ಬೋಟು ನಡೆಸುವ ತಾಂಡೇಲ ಗಣಪಣ್ಣ ತಮ್ಮ ಅಪ್ಪನ ಕಾಲದ ಮೋಟಾರ್‌ಸೈಕಲ್ಲಿಗೆ ಆಯಿಲ್ ಬದಲಿಸಲು ನನಗೆ ಹೇಳಿದರು. ಬೋಟಿನ ಎಂಜಿನ್ನಿಗೆ ಎರಡು ಸಲ ಕೈಹಾಕಿದ್ದ ನಾನು, ವಿಮಾನ ಕೊಟ್ಟರೂ ರಿಪೇರಿ ಮಾಡುವ ಧೈರ್ಯದಲ್ಲಿದ್ದೆ.

ಬೋಟಿನಲ್ಲಿ ನಟ್ಟು ಅಲೆಯ ಹೊಡೆತಕ್ಕೆ ಸಡಿಲಾಗಬಾರದು. ಅದಕ್ಕೆ ನಟ್ಟು ತಿರುಗಿಸುವ ಪಾನಾದ ಹಿಡಿಗೆ ಕಬ್ಬಿಣದ ಪೈಪು ತೂರಿಸಿ, ಮೈಭಾರ ಬಿಟ್ಟು ಬಿಗಿಯುತ್ತೇವೆ. ಗಾಡಿಯ ಆಯಿಲ್ ಇಳಿಸುವ ಬೋಲ್ಟಿಗೂ ಅದನ್ನೇ ಮಾಡಿದೆ. ಅದರ ಎಂಜಿನ್ ಮೆತ್ತನೆಯ ಅಲ್ಯೂಮಿನಿಯಂ. ಒಮ್ಮೆಲೇ ಬೋಲ್ಟು ಸುಮ್ಮನೆ ಸುತ್ತತೊಡಗಿತು. ಎಳೆದರೆ ತೂತಿನ ಒಳಗೆ ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ಡೆಲ್ಲ ಬೆಳ್ಳನೆ ಸುರುಳಿಯಾಗಿ ಕೈಗೇ ಬಂತು.

ಹೇಳಿಬಿಡಬಹುದಿತ್ತು. ಆದರೆ ಮುಂದಿನ ಸೀಸನ್ನಿಗೆ ಬೋಟಿಗೆ ಆಳು ಆರಿಸುವವರು ಅವರೇ. ಬೋಲ್ಟಿಗೆ ಟೇಪು ಸುತ್ತಿ, ನಲ್ಲಿ ಪೈಪಿಗೆ ಮೆತ್ತುವ ಸೀಲು ಮೆತ್ತಿ, ಹಳತಾಗಿ ಕಾಣಲೆಂದು ಮೇಲೊಂದಿಷ್ಟು ಕೊಳೆ ಹಚ್ಚಿದೆ. ಹೊಸ ಆಯಿಲ್ ತುಂಬಿಟ್ಟೆ. ಬೆಳಗಿನವರೆಗೆ ಹನಿಯೂ ಸೋರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ಗಣಪಣ್ಣ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಮಿರ್ಜಾನದ ಅತ್ತೆಮನೆಗೆ ಹೊರಟರು. ಹೆದ್ದಾರಿಯಲ್ಲಿ ಬೋಲ್ಟು ಕಳಚಿದರೆ ಆಯಿಲೆಲ್ಲ ಹಿಂದಿನ ಚಕ್ರಕ್ಕೆ, ಬೆನ್ನಿಗೆ ಲಾರಿಗಳು. ಓಡಿ ಹ್ಯಾಂಡಲ್ ಹಿಡಿದೆ.

"ಗಣಪಣ್ಣ, ಹೋಗ್ಬೇಡಿ. ಬೋಲ್ಟಿನ ತೂತು ನಾನೇ ಹಾಳು ಮಾಡಿದ್ದೆ. ಬರೀ ಮೆತ್ತಿಟ್ಟಿದ್ದೆ."

ಅವರು ಬಗ್ಗಿ ನೋಡಿದರು. "ಎಂತ ತಮಾ, ಮದುಮಗಳಿಗೆ ಅರಿಶಿನ ಹಚ್ಚಿದಂಗೆ ಕೊಳೆ ಬೇರೆ ಹಚ್ಚಿದ್ಯಲ!"

ನನಗೆ ನಗು ಬಂತು. ಅವರು ನಗಲಿಲ್ಲ.

"ಬೋಟಿನ ತಳ ತೂತಾದ್ರೂ ಹೀಂಗೇ ಮೆತ್ತಿ ಸುಮ್ನಿರ್ತಿದ್ಯಾ? ಏಳು ಜನ ಇರ್ತ್ರಲ್ಲ ಅದ್ರಲ್ಲಿ."



ಗಾಡಿಯನ್ನು ಟೆಂಪೋಗೆ ಹಾಕಿ, ಭಟ್ಕಳದ ಹಳೇ ಮೆಕ್ಯಾನಿಕ್ ಇಕ್ಬಾಲ್ ಭಾಯಿ ಹತ್ತಿರ ಒಯ್ದೆವು. ಭಾಯಿ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಸ್ಪ್ರಿಂಗಿನಂಥ ಉಕ್ಕಿನ ಸುರುಳಿಯೊಂದನ್ನು ಒಳಗೆ ತಿರುಗಿಸಿ ಕೂರಿಸಿದರು. ಆಮೇಲೆ ಬೋಲ್ಟನ್ನು ನನ್ನ ಕೈಗಿಟ್ಟರು.

"ಮೊದ್ಲು ಉಲ್ಟಾ ತಿರುಗ್ಸು. ಟಕ್ ಅಂತ ಕೂತ್ಮೇಲೆ ಸೀದಾ, ಬೆರಳಲ್ಲೇ. ಪಾನಾ ಕೊನೆಗೆ, ಒಂಚೂರು. ಇದು ಬೋಟಲ್ಲ ಬೇಟಾ, ಮುದುಕಿ ಗಾಡಿ."

ಹೇಳಿದಂತೆ ಉಲ್ಟಾ ತಿರುಗಿಸಿದೆ. ಟಕ್ ಎಂದಿತು. ಬಿಗಿದೆ. ಗಣಪಣ್ಣ "ಆತು" ಎಂದರು, ಅಷ್ಟೇ.

ನನಗಿನ್ನು ಬೋಟಿಲ್ಲ ಅಂದುಕೊಂಡಿದ್ದೆ. ಆಗಸ್ಟಿನಲ್ಲಿ ಗಣಪಣ್ಣನಿಂದಲೇ ಕರೆ ಬಂತು. ಹಗ್ಗ ಬಿಚ್ಚುವ ಮೊದಲು ಎಲ್ಲರೆದುರು ಅವರು ಕೇಳಿದರು, "ತಮಾ, ಹೇಳುದು ಎಂತಾರೂ ಉಂಟಾ?" ಉಳಿದವರು ನಕ್ಕರು. ನಾನು ಎಂಜಿನ್ ಕೋಣೆಗೆ ಇಳಿದು, ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿ ಬಂದು "ಇಲ್ಲ" ಅಂದೆ.

ಈಗಲೂ ಪ್ರತಿ ಸಲ ಕೇಳುತ್ತಾರೆ. ನನ್ನ "ಇಲ್ಲ" ಕೇಳದೆ ಬೋಟು ಬಿಡುವುದಿಲ್ಲ.