ಸರದಿ ತಪ್ಪಿಸಿದ ಕನೆಜಿರೊ

ಗುಡ್ಡದ ಮೇಲೆ ಸ್ಕೀ ಆಡಲು ಪಟ್ಟಣದವರೂ ಪರದೇಶದವರೂ ಬರತೊಡಗಿದ ಮೇಲೆ ಮಸುಯಾ ವಸತಿಗೃಹದ ಕನೆಜಿರೊಗೆ ಕೊಂಬು ಮೂಡಿತು. ಅದಕ್ಕೆ ಮೊದಲು ಅವನೂ ನಮ್ಮ ಹಾಗೆ ಸೊಪ್ಪಿನ ಉಪ್ಪಿನಕಾಯಿ ತಿಂದು, ಸೂರಿನ ಹಿಮ ಎಳೆದು ಬದುಕಿದವನೇ. ಈಗ ಓಡಾಡುವುದೆಲ್ಲ ಕೆಂಪು ಸ್ಕೀ ಕೋಟಿನಲ್ಲಿ. ಸ್ಕೀ ಮೇಲೆ ನಿಂತದ್ದನ್ನು ಮಾತ್ರ ಯಾರೂ ಕಂಡಿಲ್ಲ; ಚಿಕ್ಕವನಿದ್ದಾಗ ಶಾಲೆಯ ಇಳಿಜಾರಿನಲ್ಲೇ ಕೂತು ಅತ್ತವನು.

ನಮ್ಮ ಕೇರಿಯ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಗೆ ಒಡೆಯನಿಲ್ಲ. ಸರದಿಯ ಹಲಗೆ ಯಾರ ಬಾಗಿಲಲ್ಲಿ ತೂಗುತ್ತದೋ ಆ ಮನೆಯವರು ತೊಟ್ಟಿ ಬರಿದು ಮಾಡಿ ಉಜ್ಜಬೇಕು. ಹಗಲು ಯಾರು ಬೇಕಾದರೂ ಮೀಯಬಹುದು. ದೀಪ ಹತ್ತಿದ ಮೇಲೆ ಉಜ್ಜುವ ಮನೆಗಳವರಿಗೆ ಮಾತ್ರ. ಕನೆಜಿರೊ ಹಲಗೆ ಬಂದ ದಿನವೇ ಉಜ್ಜದೆ ಅದನ್ನು ಪಕ್ಕದ ಮನೆಗೆ ದಾಟಿಸತೊಡಗಿದ. ಅತಿಥಿಗಳ ಮುಂದೆ ಮಾತ್ರ, ಈ ನೀರನ್ನು ಕಾಯ್ದುಕೊಂಡು ಬಂದದ್ದು ತನ್ನ ವಂಶ ಎಂದು ಎದೆ ಉಬ್ಬಿಸುತ್ತಿದ್ದ. ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಡೆಗೆ ಕೇರಿಯವರು ಸಭೆ ಸೇರಿ, ಉಜ್ಜದ ಮನೆಯನ್ನು ಕೈಬಿಡುವುದೆಂದು ತೀರ್ಮಾನಿಸಿದರು. ನನಗೆ ಸಂಕಟವಾದದ್ದು ಅವನ ತಾಯಿ ತೊಮೆ ದೊಡ್ಡಮ್ಮನನ್ನು ನೆನೆದು. ಮದುವೆಯಾಗಿ ಬಂದಾಗಿನಿಂದ ಪ್ರತಿ ಸಂಜೆ ಅಲ್ಲೇ ಮಿಂದವರು ಅವರು. ಮಂಡಿನೋವಿನ ಈ ವಯಸ್ಸಿನಲ್ಲಿ ಆ ನೀರು, ಅಲ್ಲಿನ ಹರಟೆ, ಅವರಿಗೆ ಉಳಿದಿದ್ದ ಸುಖ ಅಷ್ಟೇ. ಮಗನ ಕೊಬ್ಬಿಗೆ ಅದೂ ಹೋಗಬೇಕೇ?

ನಾನೇ ಮಸುಯಾಕ್ಕೆ ಹೋದೆ. "ಕನೆ, ನಿಮ್ಮಮ್ಮನ ಸ್ನಾನಕ್ಕಾದ್ರೂ ಒಂದ್ಸಲ ಬಂದು ಬ್ರಷ್ ಹಿಡಿಯೋ."

"ಆ ಪಾಚಿ ಉಜ್ಜೋಕೆ ನಂಗೆಲ್ಲಿ ಪುರುಸೊತ್ತು ಅಕ್ಕ? ಅಮ್ಮಂಗೆ ಮನೇಲೇ ಟಬ್ಬಿದೆ. ಗುಂಡಿ ಒತ್ತಿದ್ರೆ ಬಿಸಿನೀರು."

ಚಹಾ ಕುಡಿ ಎಂದು ಬಾಯಿಮಾತಿಗೂ ಅನ್ನಲಿಲ್ಲ, ಮುಠ್ಠಾಳ.

ಒಳಗಿದ್ದ ದೊಡ್ಡಮ್ಮ ಎಲ್ಲ ಕೇಳಿಸಿಕೊಂಡಿದ್ದರು. ಬೂಟು ಮೆಟ್ಟಿಕೊಂಡು ಹಿಮದಲ್ಲಿ ನನ್ನ ಹಿಂದೆಯೇ ಬಂದರು. "ನನ್ನ ನಿಮ್ಮನೆಯವಳು ಅಂತ ಸೇರಿಸ್ಕೋತೀಯೇನೇ? ನಿಮ್ಮ ಸರದೀಲಿ ನಾನೂ ಉಜ್ತೀನಿ."

"ಉಜ್ಜೋದೇನೂ ಬೇಡ ದೊಡ್ಡಮ್ಮ, ಸುಮ್ನೆ ಬನ್ನಿ."

"ಸುಮ್ನೆ ಬರೋಕೆ ನಾನೇನು ಅವನಾ?"

ಕೇರಿಯವರು ಒಪ್ಪಿದರು. ಮಸುಯಾ ಸರದಿಯಿಂದ ಹೊರಬಿತ್ತು, ದೊಡ್ಡಮ್ಮ ನಮ್ಮ ಮನೆಯವರಾದರು. ಕನೆಜಿರೊಗೆ ನಾಚಿಕೆಯಾಯಿತು ಅಂದುಕೊಂಡಿರಾ? ಉಜ್ಜುವ ಪೀಡೆ ತೊಲಗಿತೆಂದು ಹಲ್ಲು ಗಿಂಜಿದ.

ಜನವರಿಯಲ್ಲಿ ನಮ್ಮ ಸರದಿ ಬಂತು. ನಾನು ಒಳಗೆ ತೊಟ್ಟಿ ಉಜ್ಜುತ್ತಿದ್ದೆ, ದೊಡ್ಡಮ್ಮ ಬಾಗಿಲಲ್ಲಿ ಕೂತು ನೀರು ಮೊಗೆಯುವ ಮರದ ಬೋಗುಣಿಗಳನ್ನು ತಿಕ್ಕುತ್ತಿದ್ದರು. ದೀಪ ಹತ್ತಿತ್ತು. ಅಷ್ಟರಲ್ಲಿ ಕನೆಜಿರೊ, ಸ್ಕೀ ಮುಗಿಸಿದ ಒಸಾಕಾದ ಅತಿಥಿಗಳ ಹಿಂಡು ಕಟ್ಟಿಕೊಂಡು ಬಂದ.

"ದಾರಿ ಬಿಡಮ್ಮ. ನಮ್ಮ ವಂಶದ ಸ್ನಾನದ ಮನೆ ಅಂತ ಇವ್ರನ್ನ ಕರ್ಕೊಂಡ್ ಬಂದಿದೀನಿ."

ದೊಡ್ಡಮ್ಮ ಎದ್ದು ನಿಂತು, ಎಲ್ಲರಿಗೂ ಬಾಗಿ ವಂದಿಸಿದರು. "ಕ್ಷಮಿಸಿ. ಹೊರಗಿನವ್ರಿಗೆ ಹಗಲು ಹೊತ್ತು ಮಾತ್ರ. ನಾಳೆ ಬನ್ನಿ."

ಅತಿಥಿಗಳು ಕನೆಜಿರೊನ ಮುಖ ನೋಡಿದರು. ಅವನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. "ಅಮ್ಮಾ, ನಾನು."

"ನಿಮ್ಮನ್ನೂ ಸೇರಿಸೇ ಹೇಳಿದ್ದು," ಎಂದು ದೊಡ್ಡಮ್ಮ ಇನ್ನೊಂದು ಬೋಗುಣಿ ಕೈಗೆತ್ತಿಕೊಂಡರು.