ಅವ್ವನ ಒಂದು ಮುದ್ದೆ

ಗುಂಡ್ಲುಪೇಟೆಯ ಹತ್ತಿರ ಒಂದು ಮನೆಯಲ್ಲಿ ಸಾರಿನ ಬಟ್ಟಲು ಅಳೆಯುತ್ತಾ ಕೂತಿದ್ದೆ. ಫೋನ್ ಬಂತು. ಉಮ್ಮತ್ತೂರಿನಿಂದ ಚಿಕ್ಕವ್ವ.

"ನಿಮ್ಮವ್ವ ಏಳ್ತಿಲ್ಲ ಕಣಮ್ಮಿ! ಮೈಯೆಲ್ಲ ಬೆವ್ತು ತಣ್ಣಗಾಗೋಗದೆ."

ನಾನು ಚಾಮರಾಜನಗರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವ್ವನ ಕೈಗೆ ಡ್ರಿಪ್ ಹಾಕಿದ್ದರು. ಕಣ್ಣು ಬಿಟ್ಟಿದ್ದಳು. ನನ್ನನ್ನು ನೋಡುತ್ತಿರಲಿಲ್ಲ.

ಲೋ ಶುಗರ್ ಎಂದರು ಡಾಕ್ಟರ್. ಬಹಳ ಹೊತ್ತು ಹಾಗೇ ಬಿದ್ದಿದ್ದಾರೆ, ಬ್ರೈನ್‌ಗೆ ಪೆಟ್ಟಾಗಿರಬಹುದು ಎಂದರು.

"ಬೆಳಿಗ್ಗೆ ಇನ್ಸುಲಿನ್ ತಗೊಂಡು ಊಟ ಮಾಡಿದ್ರಾ?"

"ಒಂದು ಮುದ್ದೆ ಸರ್. ದಿನಾ ಅಷ್ಟೇ. ಡಯಟ್ ಶೀಟ್ ಬರೆದುಕೊಟ್ಟಿದ್ದು ನಾನೇ."

ಆ 'ನಾನೇ' ಎನ್ನುವುದರಲ್ಲಿ ಆಗಲೂ ಸ್ವಲ್ಪ ಹೆಮ್ಮೆ ಇತ್ತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಜನ ಏನು, ಎಷ್ಟು ತಿನ್ನುತ್ತಾರೆಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು ನನ್ನ ಕೆಲಸ. ಬ್ಯಾಗಿನಲ್ಲಿ ಅಳತೆಯ ಲೋಟ, ಸೌಟು, ತೂಕದ ಮಷೀನು. ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ತಟ್ಟೆ ತರಿಸಿ ನೋಡಿ ಎಂದು ಹೊಸಬರಿಗೆ ಹೇಳಿಕೊಡುವವಳೂ ನಾನೇ.

ಚಿಕ್ಕವ್ವ ಮಂಚದ ಆ ಕಡೆಯಿಂದ ನನ್ನನ್ನೇ ದಿಟ್ಟಿಸಿದಳು.

"ನಿಮ್ಮವ್ವ ಉಣ್ಣೋ ಇಟ್ಟಿನ ಮುದ್ದೆಯ ನೀನು ಯಾವತ್ತಾರ ಕಂಡಿದ್ದೀಯೇನಮ್ಮಿ?"

ಅವಳು ಬೆರಳು ಮಡಚಿ ಅಳತೆ ತೋರಿಸಿದಳು.

"ನಿಂಬೆಹಣ್ಣಷ್ಟು ಕಣೇ! ಊರೋರ ಪಾತ್ರೆಯೆಲ್ಲ ಅಳೀತೀಯ, ಅವ್ವನ ತಟ್ಟೆ ಕಾಣಲಿಲ್ವಾ ನಿನ್ನ ಓದಿಗೆ?"

ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಮೊದಲು ಅಪ್ಪ, ಆಮೇಲೆ ಅಣ್ಣ, ಬಸ್ಸಿಗೆ ಹೊತ್ತಾಗುತ್ತದೆಂದು ಅವರ ಹಿಂದೆಯೇ ನಾನು. ನಾವೆಲ್ಲ ಎದ್ದ ಮೇಲೆ ಅವ್ವ ಒಲೆಯ ಮುಂದೆ ಕೂತು ಪಾತ್ರೆಯ ತಳ ಕೆರೆದು, ಬಂದಷ್ಟನ್ನು ಉಂಡೆ ಕಟ್ಟಿ ಉಣ್ಣುತ್ತಾಳೆ. ಅದು ಎಷ್ಟೇ ಇದ್ದರೂ ಒಂದೇ ಮುದ್ದೆ. ಶೀಟ್ ಬರೆಯುವಾಗ ಎಷ್ಟು ಮುದ್ದೆ ಎಂದು ನಾನು ಕೇಳಿದ್ದೆ, ಒಂದು ಎಂದಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ. ನಾನು ಅಪ್ಪನ ಮುದ್ದೆಯ ತೂಕ ಹಿಡಿದು ಶೀಟಿನಲ್ಲಿ ಬರೆದಿದ್ದೆ. ಇನ್ಸುಲಿನ್ ಡೋಸ್ ನಿಗದಿಯಾಗಿದ್ದು ಆ ಲೆಕ್ಕದ ಮೇಲೆ, ಅವಳ ಊಟಕ್ಕೆ ಅದು ಹೆಚ್ಚು.

ಡಾಕ್ಟರಿಗೆ ಅದನ್ನು ಹೇಳಿದೆ. ಅವರು ಬೈಯಲಿಲ್ಲ. ಹಳೆಯ ಶೀಟಿನ ಮೇಲೆ ಗೀಟು ಎಳೆದು ಡೋಸ್ ಇಳಿಸಿದರು.

ಹನ್ನೆರಡು ದಿನಕ್ಕೆ ಮನೆಗೆ ಬಂದೆವು. ಅವ್ವ ನಡೆಯುತ್ತಾಳೆ, ಮಾತಾಡುತ್ತಾಳೆ. ಬಹಳಷ್ಟು ಮರೆತಿದ್ದಾಳೆ. ಕೆಲವು ದಿನ ನನ್ನ ಹೆಸರು ಬರುತ್ತದೆ. ಕೆಲವು ದಿನ "ಯಾರ ಮಗಳವ್ವ ನೀನು?" ಎನ್ನುತ್ತಾಳೆ. ಆಗ ಅಪ್ಪ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾನೆ.

ಈಗ ಮುದ್ದೆ ತೊಳಸುವವಳು ನಾನು. ಮೊದಲ ಮುದ್ದೆ ತೂಗಿ ಅವ್ವನ ತಟ್ಟೆಗೆ ಹಾಕುತ್ತೇನೆ.

ಎಲ್ಲರೂ ಉಂಡ ಮೇಲೆ ತಾನು ಎನ್ನುವುದೂ ಅವಳಿಗೆ ಮರೆತುಹೋಗಿದೆ. ಹೋದ ವಾರ ಅಪ್ಪ ಊಟಕ್ಕೆಂದು ಇನ್ನೂ ಕೈ ತೊಳೆಯುತ್ತಿದ್ದಾಗಲೇ ಅವಳ ಮುದ್ದೆ ಮುಗಿದಿತ್ತು. ತಟ್ಟೆಯನ್ನು ನನ್ನ ಕಡೆ ನೂಕಿದಳು.

"ಇನ್ನೊಸಿ ಇಕ್ಕವ್ವ. ಹಸಿವು."

ಅವ್ವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಇನ್ನೊಂದು ಚೂರು ಮುರಿದೆ, ತೂಗಿದೆ, ಬರೆದುಕೊಂಡೆ, ಇಕ್ಕಿದೆ. ಅಪ್ಪ ಒದ್ದೆ ಕೈಯಲ್ಲೇ ನಿಂತು ಅವಳು ಉಣ್ಣುವುದನ್ನು ನೋಡುತ್ತಿದ್ದ.